ಕಣ್ಣಿಗೆ ಕಾಣದ ಗೋಡೆ

ಮಗ ಮೊಬೈಲಿನಲ್ಲಿ ಎಷ್ಟು ಹೊತ್ತು ಆಡುತ್ತಾನೆ ಎಂದು ಕೇಳಿದರೆ ನಮ್ಮ ತಾಯಂದಿರು ನಿಮಿಷ ಸಹಿತ ಲೆಕ್ಕ ಒಪ್ಪಿಸುತ್ತಾರೆ. ಏನು ಆಡುತ್ತಾನೆ ಎಂದು ಕೇಳಿದರೆ ಮಾತ್ರ, "ಏನೋ ಗೇಮಂತೆ, ಒಬ್ಬ ಓಡುತ್ತಾನೆ, ಇನ್ನೊಬ್ಬ ಗುಂಡು ಹೊಡೆಯುತ್ತಾನೆ" ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಮಗ ದಿನಕ್ಕೆ ಎರಡು ಗಂಟೆ ಯಾವ ಊರಿನಲ್ಲಿ ಇರುತ್ತಾನೆ, ಅಲ್ಲಿ ಯಾರು ಯಾರಿದ್ದಾರೆ, ಆ ಊರಿನ ಕಾನೂನೇನು ಎಂಬುದು ನಮಗೆ ತಿಳಿದಿಲ್ಲ.

ತಿ. ನರಸೀಪುರದಲ್ಲಿ ನಮ್ಮ ಸಂಬಂಧಿಕರ ಮನೆಯ ಅಕೀಕಾಕ್ಕೆ ಹೋಗಿದ್ದಾಗ ಓರ್ವ ತಾಯಿ ಒಂದು ವಿಚಿತ್ರ ದೂರು ತಂದರು. "ಆಪಾ, ಹೊಸ ಮೊಬೈಲು ತೆಗೆದುಕೊಟ್ಟು ಆರು ತಿಂಗಳೂ ಆಗಿಲ್ಲ, ಆಗಲೇ ಕೆಟ್ಟುಹೋಯಿತು. ಆಟದಲ್ಲಿ ಆಳು ಮುಂದಕ್ಕೆ ಹೋಗುವುದೇ ಇಲ್ಲವೆಂದು ಇವನು ಕೂಗಾಡುತ್ತಾನೆ. ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟೆ. ಆ ಹುಡುಗ ನಕ್ಕು ವಾಪಸು ಕೊಟ್ಟ. ಮೊಬೈಲಿಗೆ ಏನೂ ಆಗಿಲ್ಲವಂತೆ. ಆಟದಲ್ಲಿ ಗೋಡೆ ಇದೆಯಂತೆ. ನಾನು ನೋಡಿದರೆ ಗೋಡೆಯೇ ಕಾಣಲಿಲ್ಲ!"

ಏಳನೇ ತರಗತಿಯ ಆ ಹುಡುಗನನ್ನು ಕರೆದು ತೋರಿಸಲು ಹೇಳಿದೆ. ಹುಡುಗ ಹೇಳಿದ್ದು ನಿಜ. ತೆರೆಯ ಮೇಲೆ ಒಂದು ಬಯಲು. ಬಯಲಿನಾಚೆ ಮರಗಳು, ಇನ್ನೂ ಆಚೆ ಒಂದು ಗುಡ್ಡ. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ, ಹಳ್ಳವೂ ಇಲ್ಲ. ಇವನ ಆಳು ಓಡಿ ಓಡಿ ಒಂದು ಕಡೆ ತಟ್ಟನೆ ನಿಂತುಬಿಡುತ್ತಾನೆ. ನಿಲ್ಲುತ್ತಾನೆ ಎಂದರೂ ತಪ್ಪಾದೀತು. ಕಾಲು ಆಡುತ್ತಲೇ ಇರುತ್ತದೆ, ಕೈ ಬೀಸುತ್ತಲೇ ಇರುತ್ತದೆ, ಆಳು ಮಾತ್ರ ಇದ್ದಲ್ಲೇ ಇರುತ್ತಾನೆ. ನೋಡಿದವರಿಗೆ ನಗು ಬರಬೇಕು. ಆಡುವವನಿಗೆ ಸಿಟ್ಟು ಬರುತ್ತದೆ. "ಮನೆಯೊಳಗೆ ಗೋಡೆ ಇದ್ದರೆ ಪರವಾಗಿಲ್ಲ ಆಪಾ, ಇದು ಬಯಲು. ಬಯಲಲ್ಲಿ ಹೋಗಬೇಡ ಎಂದರೆ ಹೇಗೆ?" ಎಂಬುದು ಅವನ ವಾದ.

ಇದಕ್ಕೆ ಆಟ ಆಡುವವರ ಭಾಷೆಯಲ್ಲಿ ಇನ್‌ವಿಸಿಬಲ್ ವಾಲ್ ಎನ್ನುತ್ತಾರೆ. ಕಾಣದ ಗೋಡೆ. ವೀಡಿಯೋ ಗೇಮುಗಳು ಹುಟ್ಟಿದಂದಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದು ಇದೆ. ಬಯ್ಯದ ಆಟಗಾರನಿಲ್ಲ, ಹಾಗೆಯೇ ಇದಿಲ್ಲದ ಆಟವೂ ಅಪರೂಪ.

ತೆರೆಯ ಮೇಲೆ ಕಾಣುವ ಪ್ರತಿಯೊಂದು ವಸ್ತುವಿಗೂ ಎರಡು ಮೈ ಇರುತ್ತದೆ ಎಂದುಕೊಳ್ಳಿ. ಒಂದು ಕಾಣುವ ಮೈ, ಇನ್ನೊಂದು ತಾಗುವ ಮೈ. ಮರದ ಚಿತ್ರ ಬರೆದ ಮಾತ್ರಕ್ಕೆ ಕಂಪ್ಯೂಟರಿಗೆ ಅದು ಮರವಾಗುವುದಿಲ್ಲ, ಬರೀ ಬಣ್ಣ. ಅದರೊಳಗೆ ನುಗ್ಗಿ ಆಚೆ ಬರಬಹುದು. ಆದುದರಿಂದ ಆಟ ಮಾಡುವವರು ಮರದ ಸುತ್ತ ಒಂದು ಡಬ್ಬಿಯಂತಹ ಆಕಾರವನ್ನು ಇಟ್ಟು, "ಇದು ತಾಗಬೇಕು" ಎಂದು ಹೇಳುತ್ತಾರೆ. ಇಂದು ಹೆಚ್ಚಿನ ಮೊಬೈಲ್ ಆಟಗಳನ್ನು ತಯಾರಿಸುವ ಯುನಿಟಿ ಎಂಬ ಸಾಫ್ಟ್‌ವೇರಿನಲ್ಲಿ ಈ ಡಬ್ಬಿಗೆ ಕೊಲೈಡರ್ ಎಂದು ಹೆಸರು. ಆಟದ ಆಳಿಗೂ ಅಂತಹುದೇ ಒಂದು ಆಕಾರವಿದೆ. ಅದು ಸಾಮಾನ್ಯವಾಗಿ ನಾವು ನುಂಗುವ ಕ್ಯಾಪ್ಸೂಲ್ ಮಾತ್ರೆಯಂತೆ ಉದ್ದವಾಗಿ, ಎರಡೂ ತುದಿ ದುಂಡಗೆ ಇರುತ್ತದೆ. ಕೈ, ಬೆರಳು, ತಲೆಗೂದಲು ಎಲ್ಲ ನಮಗೆ ಕಾಣಲು ಮಾತ್ರ. ಕಂಪ್ಯೂಟರಿನ ಲೆಕ್ಕದಲ್ಲಿ ಓಡುತ್ತಿರುವುದು ಒಂದು ಮಾತ್ರೆ! ಸೆಕೆಂಡಿಗೆ 30 ಸಲವೋ 60 ಸಲವೋ ಅದು ಪರೀಕ್ಷಿಸುತ್ತದೆ: ಈ ಮಾತ್ರೆ ಯಾವುದಾದರೂ ಡಬ್ಬಿಗೆ ತಾಗಿತೇ? ತಾಗಿದರೆ ಮುಂದಕ್ಕೆ ಬಿಡಬೇಡ.

ಇನ್ನು ಕಾಣದ ಗೋಡೆ ಮಾಡಲು ಬೇರೆ ಕಸರತ್ತೇ ಬೇಡ. ತಾಗುವ ಮೈಯನ್ನು ಇಟ್ಟು ಕಾಣುವ ಮೈಯನ್ನು ತೆಗೆದುಬಿಟ್ಟರೆ ಮುಗಿಯಿತು. ಒಂದು ಚೌಕದಲ್ಲಿರುವ ಸರಿ ಗುರುತನ್ನು ಅಳಿಸಿದರೆ ಸಾಕು, ಗೋಡೆ ಮಾಯ. ತಡೆ ಮಾತ್ರ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಆಚೆ ಕಾಣುವ ಗುಡ್ಡ? ಹಿಂದೆ ನಮ್ಮ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ಒಂದು ಪರದೆ ಇರುತ್ತಿತ್ತು, ನೆನಪಿದೆಯೇ? ಅದರ ಮೇಲೆ ತೋಟ, ಕಾರಂಜಿ, ಕೆಲವು ಕಡೆ ತಾಜ್‌ಮಹಲು. ಮದುವೆಯಾದ ಹೊಸದರಲ್ಲಿ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿದ್ದಾರು. ಆ ತಾಜ್‌ಮಹಲಿನೊಳಗೆ ಹೋಗಲು ಸಾಧ್ಯವಿತ್ತೇ? ಆಟದ ಗುಡ್ಡವೂ ಹಾಗೆಯೇ. ಆಚೆ ನೆಲವಿಲ್ಲ. ಗೋಡೆ ಇಲ್ಲದೆ ಹೋದರೆ ಆಳು ನೆಲದ ಅಂಚು ದಾಟಿ ಕೆಳಗೆ ಬೀಳುತ್ತಾನೆ, ಬೀಳುತ್ತಲೇ ಇರುತ್ತಾನೆ. ಆಟವನ್ನು ಮುಚ್ಚಿ ಮತ್ತೆ ತೆರೆಯದೆ ಬೇರೆ ದಾರಿಯಿರುವುದಿಲ್ಲ.

ಇದನ್ನು ಹೇಳಿದಾಗ ಹುಡುಗನ ಮುಖ ಸ್ವಲ್ಪ ಬಾಡಿತು. ಅಲ್ಲಿ ಏನೋ ಬಚ್ಚಿಟ್ಟಿದ್ದಾರೆ ಎಂದು ಅವನು ನಂಬಿದ್ದ. ಮಕ್ಕಳ ಸ್ವಭಾವವೇ ಅದು. ಮುಚ್ಚಿದ ಬಾಗಿಲಿನ ಹಿಂದೆ ಮಿಠಾಯಿಯೇ ಇರಬೇಕು!

ಈಗ ಮೂವತ್ತೈದು ನಲವತ್ತರ ವಯಸ್ಸಿನಲ್ಲಿರುವ ತಾಯಂದಿರು ಕೂಡಾ ಈ ಗೋಡೆಗೆ ಹಣೆ ತಾಗಿಸಿಕೊಂಡವರೇ. ಆ ಕಾಲದಲ್ಲಿ ಟಿವಿಗೆ ಜೋಡಿಸಿ ಆಡುವ, ಹಳದಿ ಕ್ಯಾಸೆಟ್ಟಿನ "ಟಿವಿ ಗೇಮ್" ಒಂದಿತ್ತು. ಈದ್‌ಗೆ ಸಿಕ್ಕ ಹಣ ಕೂಡಿಸಿ ಅಣ್ಣಂದಿರು ತಂದಿದ್ದನ್ನು ತಂಗಿಯರು ಮಧ್ಯಾಹ್ನ ಕದ್ದು ಆಡುತ್ತಿದ್ದರು. ಅದರಲ್ಲಿ ಕೆಂಪು ಟೋಪಿ, ಮೀಸೆಯ ಮಾರಿಯೋ. ಜಪಾನಿನ ನಿಂಟೆಂಡೊ ಕಂಪೆನಿ 1985ರಲ್ಲಿ ಹೊರತಂದ ಆಟ ಅದು. ಮಾರಿಯೋ ಬಲಕ್ಕೆ ಓಡಿದಂತೆಲ್ಲಾ ಚಿತ್ರ ಸರಿಯುತ್ತಾ ಹೋಗುತ್ತದೆ. ಎಡಕ್ಕೆ ತಿರುಗಿದರೆ? ತೆರೆಯ ಅಂಚಿನವರೆಗೆ ಹೋಗಿ ನಿಂತುಬಿಡುತ್ತಾನೆ. ಬಿಟ್ಟುಬಂದ ನಾಣ್ಯ ಬಿಟ್ಟದ್ದೇ. ಅಲ್ಲೊಂದು ಗೋಡೆಯಿದೆ ಎಂದು ನಮಗೆ ಅನಿಸಿರಲಿಲ್ಲ, ಆಟವೇ ಹಾಗೆ ಎಂದುಕೊಂಡಿದ್ದೆವು.

ಆ ಇಡೀ ಆಟದ ಗಾತ್ರ ಕೇವಲ 40 ಕಿಲೋಬೈಟ್. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಜುಮಾ ಮುಬಾರಕ್ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟು ಸಣ್ಣ ಡಬ್ಬಿಯಲ್ಲಿ 32 ಹಂತಗಳನ್ನು ತುಂಬಬೇಕಾಗಿತ್ತು. ಹಿಂದಕ್ಕೆ ಹೋಗಲು ಬಿಡದಿದ್ದರೆ, ಹಿಂದೆ ಯಾವ ಇಟ್ಟಿಗೆ ಒಡೆದಿತ್ತು, ಯಾವ ಶತ್ರು ಸತ್ತಿದ್ದ ಎಂದು ಯಂತ್ರವು ನೆನಪಿಡುವ ಕೆಲಸ ಉಳಿಯಿತು. ಬಡವರ ಮನೆಯಲ್ಲಿ ಒಂದೇ ಪಾತ್ರೆಯನ್ನು ತೊಳೆದು ತೊಳೆದು ಮೂರು ಅಡುಗೆಗೆ ಬಳಸುತ್ತಾರಲ್ಲ, ಆ ಜಾಣ್ಮೆ.

ಅದೇ ಮಾರಿಯೋದಲ್ಲಿ ಗೋಡೆ ದಾಟಿದವರ ಕತೆಯೂ ಇದೆ. ಒಂದನೇ ಲೋಕದ ಎರಡನೇ ಹಂತದ ಕೊನೆಯಲ್ಲಿ, ಒಂದು ನಿರ್ದಿಷ್ಟ ರೀತಿಯಲ್ಲಿ ಹಾರಿದರೆ ಮಾರಿಯೋ ಇಟ್ಟಿಗೆಯ ಮೂಲಕವೇ ಆಚೆ ಜಾರಿಬಿಡುತ್ತಾನೆ. ಮಾಡಿದವರು ಯೋಚಿಸಿರದ ದಾರಿ. ಅಲ್ಲಿಂದ ಕೊಳವೆ ಇಳಿದರೆ ತೆರೆಯ ಮೇಲೆ "ಮೈನಸ್ ಒಂದು" ಎಂದು ಕಾಣಿಸಿಕೊಳ್ಳುತ್ತದೆ. ಅದು ನೀರಿನೊಳಗಿನ ಹಂತ. ಈಜಿ ಈಜಿ ಕೊನೆಯ ಕೊಳವೆ ಹೊಕ್ಕರೆ ಮತ್ತೆ ಅದೇ ಹಂತದ ಆರಂಭಕ್ಕೆ ಬಂದು ಬೀಳುತ್ತಾನೆ. ಸಮಯ ಮುಗಿದು ಸಾಯುವವರೆಗೂ ಇದೇ ಸುತ್ತು. ಗುಟ್ಟಾದ ಲೋಕ ಸಿಕ್ಕಿತು ಎಂದು ಕುಣಿದ ಮಕ್ಕಳಿಗೆ ಸಿಕ್ಕಿದ್ದು ಹೊರಬಾಗಿಲಿಲ್ಲದ ಕೊಳ.

ನಂತರ ಬಂದದ್ದು ಸೈಬರ್ ಕೆಫೆಗಳ ಕಾಲ. ಗಂಟೆಗಿಷ್ಟು ಎಂದು ದುಡ್ಡು ತೆತ್ತು ಹುಡುಗರು ಆಡುತ್ತಿದ್ದ ವೈಸ್ ಸಿಟಿ ಎಂಬ ಆಟ 2002ರದ್ದು. ಅದು ದೊಡ್ಡವರಿಗೆಂದು ಮಾಡಿದ ಆಟ. ಹೊಡೆತ, ಬಡಿತ, ಕಳ್ಳತನ ತುಂಬಿರುವ ಅದು ಸಣ್ಣ ಮಕ್ಕಳ ಕೈಗೆ ಬರಲೇಬಾರದಿತ್ತು. ಬಂದಿತು. ಅದಿರಲಿ. ಅದರ ಗೋಡೆಗಳ ವಿಷಯಕ್ಕೆ ಬಂದರೆ ಅವರು ಜಾಣರು. ಊರಿನ ಸುತ್ತ ಸಮುದ್ರ ಇಟ್ಟರು, ಆಟದ ನಾಯಕನಿಗೆ ಈಜು ಬಾರದಂತೆ ಮಾಡಿದರು. ಆಟದ ಆರಂಭದಲ್ಲಿ ಪಕ್ಕದ ದ್ವೀಪಕ್ಕೆ ಹೋಗುವ ಸೇತುವೆಗಳಿಗೆ ಅಡ್ಡಗಟ್ಟೆ ಹಾಕಿ, ಚಂಡಮಾರುತದ ಮುನ್ನೆಚ್ಚರಿಕೆ ಇದೆ, ಸೇತುವೆ ಬಂದ್ ಎಂದರು. ಒಂದಷ್ಟು ಕತೆ ಮುಗಿದ ಮೇಲೆ ಚಂಡಮಾರುತವೂ ಮುಗಿಯಿತು, ಸೇತುವೆಯೂ ತೆರೆಯಿತು. ಯಾವ ಹುಡುಗನೂ ಸಿಟ್ಟಾಗಲಿಲ್ಲ.

ಏಕೆಂದರೆ ಇದು ನಮಗೆ ಗೊತ್ತಿರುವ ಸಂಗತಿ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆಯ ಹತ್ತಿರ ಮೈಸೂರು–ನಂಜನಗೂಡು ರಸ್ತೆಯ ಮೇಲೆ ನೀರು ಹರಿದು ಸಂಚಾರ ನಿಂತಾಗ ನಾವು ಯಾರ ಮೇಲಾದರೂ ರೇಗಿದೆವೇ? ನೀರು ಕಣ್ಣೆದುರಿಗೆ ಇತ್ತು. ನೀರಿನ ಮುಂದೆ ವಾದವಿಲ್ಲ. ಅದೇ ದಿನ ನೀರೂ ಇಲ್ಲದೆ, ಪೊಲೀಸೂ ಇಲ್ಲದೆ, ಬೋರ್ಡೂ ಇಲ್ಲದೆ, ಚೆನ್ನಾಗಿರುವ ರಸ್ತೆಯಲ್ಲಿ ಬಸ್ಸು ತಾನಾಗಿ ನಿಂತು ಚಕ್ರ ಮಾತ್ರ ತಿರುಗುತ್ತಿದ್ದರೆ ಹೇಗಿರುತ್ತಿತ್ತು? ಆ ಏಳನೇ ತರಗತಿಯ ಹುಡುಗನಂತೆ ನಾವೂ ಕೂಗಾಡುತ್ತಿದ್ದೆವು. ತಡೆ ಎರಡು ಕಡೆಯೂ ಒಂದೇ. ಕಾರಣ ಕಂಡದ್ದು ಒಂದು ಕಡೆ ಮಾತ್ರ. ಈ ಮಾತನ್ನು ಆಟ ಮಾಡುವವರು ಬೇಗ ಕಲಿತುಕೊಂಡರು. ಹೊಳೆ, ಕಡಿದಾದ ಬಂಡೆ, ಕುಸಿದ ಸುರಂಗ, ದಟ್ಟ ಪೊದೆ ಇವನ್ನೆಲ್ಲಾ ಅಂಚಿನಲ್ಲಿಟ್ಟು ತಮ್ಮ ಗೋಡೆಗೆ ಮುಖ ಕೊಟ್ಟರು. ಮನೆ ನಡೆಸುವ ನಾವು ಅಷ್ಟು ಬೇಗ ಕಲಿತಿದ್ದೇವೆಯೇ ಎಂಬುದು ಬೇರೆ ಮಾತು. "ಬೇಡ ಅಂದರೆ ಬೇಡ, ಪ್ರಶ್ನೆ ಕೇಳಬೇಡ" ಎನ್ನುವುದೇ ನಮ್ಮಲ್ಲಿ ಹೆಚ್ಚು.

ಎಲ್ಲಾ ಕಾಣದ ಗೋಡೆಗಳೂ ತಡೆಯಲಿಕ್ಕೇ ಇರುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಸಂಗತಿ. 1996ರಲ್ಲಿ ಬಂದ ಕ್ವೇಕ್ ಮತ್ತು ನಂತರದ ಅಂತಹ ಆಟಗಳಲ್ಲಿ ಮೆಟ್ಟಿಲು ಹತ್ತುವಾಗ ಆಳು ಕುಲುಕಿ ಕುಲುಕಿ, ಒಮ್ಮೊಮ್ಮೆ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತಿದ್ದ. ಅದಕ್ಕೆ ಹಂತ ರಚಿಸುವವರು ಮೆಟ್ಟಿಲುಗಳ ಮೇಲೆ ಕಾಣದ ಇಳಿಜಾರು ಹಲಗೆಯೊಂದನ್ನು ಹಾಸಿಬಿಡುತ್ತಿದ್ದರು. ಕಾಣುವುದು ಮೆಟ್ಟಿಲು, ಕಾಲು ಹತ್ತುವುದು ಹಲಗೆ. ಗೋಡೆಯಿಂದ ಹೊರಚಾಚಿದ ಕಂಬ, ಕಿಟಕಿಯ ಅಂಚುಗಳಿಗೂ ಇದೇ ಉಪಾಯ. ಭುಜ ತಾಗಿ ನಿಲ್ಲದಿರಲೆಂದು ನಯವಾದ ಕಾಣದ ಹೊದಿಕೆ. ಆಡುವವನಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಮೊದಲ ಹೆಜ್ಜೆ ಇಡುವ ಮಗುವಿನ ಬೆನ್ನ ಹಿಂದೆ, ಮುಟ್ಟದೆ, ಕೈ ಚಾಚಿಕೊಂಡು ಹೋಗುವ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ಇಷ್ಟಪಡುವ ಮೈನ್‌ಕ್ರಾಫ್ಟ್ ಎಂಬ ಆಟ ಸ್ವೀಡನ್ ದೇಶದ್ದು. ಚೌಕಾಕಾರದ ಕಲ್ಲು, ಮಣ್ಣು, ಮರದ ತುಂಡುಗಳನ್ನು ಜೋಡಿಸಿ ಮನೆ ಕಟ್ಟುವುದು, ತೋಟ ಮಾಡುವುದು. ರಕ್ತಪಾತವಿಲ್ಲ. ನನ್ನ ಅಭಿಪ್ರಾಯದಲ್ಲಿ ಇರುವುದರಲ್ಲಿ ಒಳ್ಳೆಯದು. ಇದಕ್ಕೆ ಅಂಚೇ ಇಲ್ಲ, ನಡೆದಷ್ಟೂ ಭೂಮಿ ಹುಟ್ಟುತ್ತಾ ಹೋಗುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಅಂಚಿದೆ. ಕಂಪ್ಯೂಟರಿನಲ್ಲಿ ಆಡುವ ಅದರ ಮೂಲ ಆವೃತ್ತಿಯಲ್ಲಿ, ನಡುವಿನಿಂದ ಯಾವ ದಿಕ್ಕಿಗೆ ಹೋದರೂ 3 ಕೋಟಿ ತುಂಡುಗಳ ದೂರದಲ್ಲಿ ಗಡಿಯಿದೆ. ಒಂದು ತುಂಡು ಒಂದು ಮೀಟರ್. ಅಂದರೆ 30 ಸಾವಿರ ಕಿಲೋಮೀಟರ್. ಆಟದ ಆಳು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ನಡೆಯುತ್ತಾನೆ. ಅನ್ನ ನೀರಿಲ್ಲದೆ, ಹಗಲು ರಾತ್ರಿ ನಿಲ್ಲದೆ ನಡೆದರೆ ಅಲ್ಲಿಗೆ ತಲುಪಲು ಸುಮಾರು 80 ದಿನ ಬೇಕು! ಇಷ್ಟು ದೂರದ ಗೋಡೆಯನ್ನು ಗೋಡೆ ಎನ್ನಲು ಯಾರಿಗೂ ಮನಸ್ಸು ಬಾರದು. 2011ಕ್ಕಿಂತ ಮುಂಚೆ ಅದರಲ್ಲಿ ಇನ್ನೂ ಹತ್ತಿರ, ಸುಮಾರು ಒಂದೂಕಾಲು ಕೋಟಿ ತುಂಡುಗಳ ದೂರದಲ್ಲಿ, ಲೆಕ್ಕ ತಪ್ಪಿ ಭೂಮಿಯೇ ವಿಕಾರವಾಗಿ ಎದ್ದು ನಿಲ್ಲುತ್ತಿತ್ತು. ಜೇನುಗೂಡಿನಂತಹ ಬೃಹತ್ ಗೋಡೆ. ಅದನ್ನು ಯಾರೂ ಕಟ್ಟಿದ್ದಲ್ಲ, ಗಣಿತದ ಎಡವಟ್ಟಿನಿಂದ ತಾನಾಗಿ ಎದ್ದದ್ದು. ಅದನ್ನು ಕಣ್ಣಾರೆ ನೋಡಲೆಂದು ವರ್ಷಗಟ್ಟಲೆ ನಡೆದವರೂ ಇದ್ದಾರೆ. ಅದನ್ನು ಸರಿಪಡಿಸಿದಾಗ ಬೇಸರಪಟ್ಟವರೂ ಇದ್ದಾರೆ. ಮನುಷ್ಯನ ಮನಸ್ಸಿಗೆ ಏನು ಹೇಳೋಣ!

ಗೋಡೆಯನ್ನು ಸವರಿ ನೋಡುವುದೇ ಕೆಲವರಿಗೆ ಉದ್ಯೋಗ. ಆಟ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷಕರು ಕುಳಿತು, ಆಳನ್ನು ಪ್ರತಿಯೊಂದು ಮೂಲೆಗೂ ಉಜ್ಜಿ ಉಜ್ಜಿ, ಎಲ್ಲಿ ಸಂದಿಯಿದೆ, ಎಲ್ಲಿಂದ ಕೆಳಗೆ ಬೀಳುತ್ತಾನೆ ಎಂದು ಬರೆದುಕೊಳ್ಳುತ್ತಾರೆ. ಬಟ್ಟೆ ಹೊಲಿದ ಮೇಲೆ ಹೊಲಿಗೆಯನ್ನು ಎಳೆದು ನೋಡುತ್ತೇವಲ್ಲ, ಹಾಗೆ. ಇಂತಹ ಕೆಲಸ ನಮ್ಮ ಬೆಂಗಳೂರಿನಲ್ಲೂ ಇದೆ. 1997ರಲ್ಲಿ ರಾಜೇಶ್ ರಾವ್ ಅಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟ ತಯಾರಿಕಾ ಕಂಪೆನಿಗಳಲ್ಲಿ ಒಂದು. ವೈಸ್ ಸಿಟಿಯನ್ನು ಹೊರತಂದ ರಾಕ್‌ಸ್ಟಾರ್ ಕಂಪೆನಿಯೇ 2019ರಲ್ಲಿ ಅದನ್ನು ಕೊಂಡುಕೊಂಡಿತು. ಆ ವ್ಯವಹಾರದ ಒಳ್ಳೆಯದು ಕೆಟ್ಟದ್ದು ಬೇರೆ. ಆಟ ಎಂಬುದು ಆಕಾಶದಿಂದ ಉದುರುವುದಿಲ್ಲ, ಮನುಷ್ಯರು ಸಂಬಳಕ್ಕೆ ಕುಳಿತು ಒಂದೊಂದೇ ಗೋಡೆ ಇಟ್ಟು ಮಾಡುತ್ತಾರೆ ಎಂಬುದು ತಿಳಿದರೆ ಮಗುವಿನ ಕಣ್ಣಿನ ಮಂಕು ಸ್ವಲ್ಪ ಇಳಿಯುತ್ತದೆ. ಇದು ನಾನು ತರಗತಿಯಲ್ಲಿ ಕಂಡದ್ದು.

ಹಾಗೆ ನೋಡಿದರೆ ನಮ್ಮ ಊರುಗಳ ಮೂಲಕ ಹೋಗುವ ಹೆದ್ದಾರಿಯಲ್ಲೇ ಕಾಣದ ಗೋಡೆಯೊಂದಿದೆ. ಕೊಳ್ಳೇಗಾಲದಿಂದ ತಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ ಕೋಝಿಕ್ಕೋಡ್‌ಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ. ಮೊದಲು ಅದಕ್ಕೆ 212 ಎಂಬ ಸಂಖ್ಯೆಯಿತ್ತು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ 2009ರಿಂದ ನಿಷಿದ್ಧ. ಆಂಬುಲೆನ್ಸ್, ಕೆಲವೇ ಬಸ್ಸುಗಳಂತಹ ವಿನಾಯಿತಿ ಬಿಟ್ಟರೆ ಉಳಿದವರು ಚೆಕ್‌ಪೋಸ್ಟಿನಲ್ಲಿ ಬೆಳಗಾಗುವವರೆಗೆ ಕಾಯಬೇಕು. ಅದೇ ರಸ್ತೆ, ಅದೇ ಡಾಂಬರು. ಗಂಟೆ ಒಂಬತ್ತಾದೊಡನೆ ಗೋಡೆ ಏಳುತ್ತದೆ, ಆರಕ್ಕೆ ಬೀಳುತ್ತದೆ. ವಯನಾಡಿನ ಕಡೆ ಹೆಣ್ಣು ಕೊಟ್ಟವರು, ವ್ಯಾಪಾರಕ್ಕೆ ಹೋಗುವವರು ಇದರ ಬಗ್ಗೆ ಗೊಣಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆದರೆ ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಆನೆಗಳು ಸಾಯುತ್ತವೆ ಎಂಬ ಕಾರಣವೂ ಅವರಿಗೆ ಗೊತ್ತು. ಗೊಣಗುತ್ತಾರೆ, ಒಪ್ಪುತ್ತಾರೆ, ಹೊರಡುವ ಹೊತ್ತನ್ನು ಹಿಂದಕ್ಕೆ ಹಾಕಿಕೊಳ್ಳುತ್ತಾರೆ.

ನಮ್ಮ ತಾಲೂಕಿನ ಹೆಡಿಯಾಲ ಕಡೆಯ ಮಕ್ಕಳಿಗಂತೂ ಸೋಲಾರ್ ತಂತಿಬೇಲಿ ಮನೆಯ ಪಕ್ಕದ ವಿಷಯ. ಮುಸ್ಸಂಜೆಯಲ್ಲಿ ಆ ಸಣ್ಣ ತಂತಿ ಆನೆಗೆ ಎಷ್ಟು ಕಂಡೀತು? ಒಮ್ಮೆ ಸೊಂಡಿಲು ತಾಗಿ ಜುಂ ಎಂದರೆ ಮತ್ತೆ ಆ ಕಡೆ ಸುಳಿಯುವುದಿಲ್ಲ. ಆದರೆ ಕೆಲವು ಆನೆಗಳು ಮರವನ್ನು ದೂಡಿ ತಂತಿಯ ಮೇಲೆ ಕೆಡವಿ ದಾಟಲು ಕಲಿತಿವೆ. ಆಟಗಳಲ್ಲಿಯೂ ಅಂತಹ ಆನೆಗಳಿದ್ದಾರೆ. ಗೋಡೆಯ ಸಂದಿ ಹುಡುಕಿ, ಒಳದಾರಿಯಿಂದ ನುಗ್ಗಿ, ಮೂರು ದಿನದ ಆಟವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುವವರು. ಅವರನ್ನು ನೋಡಲು ಜನ ಸೇರುತ್ತಾರೆ.

ಇಷ್ಟೆಲ್ಲಾ ಹೇಳಿದ್ದು ಆಟವನ್ನು ಹೊಗಳಲಿಕ್ಕಲ್ಲ. ಇನ್ನೊಂದು ಜಾತಿಯ ಕಾಣದ ಗೋಡೆಯಿದೆ, ಅದರ ಬಗ್ಗೆ ತಾಯಂದಿರು ಎಚ್ಚರವಾಗಿರಲೇಬೇಕು. ಅದು ನಮ್ಮ ಕಿಸೆಯ ಮುಂದೆ ನಿಲ್ಲಿಸಿದ ಗೋಡೆ. ಮಧ್ಯಾಹ್ನದ ಕೆಲಸ ಮುಗಿಸಿ ಕ್ಯಾಂಡಿ ಕ್ರಷ್ ಆಡುವ ಸಹೋದರಿಯರೇ, ನಿಮಗೂ ಇದು ಗೊತ್ತು. 2012ರಲ್ಲಿ ಬಂದ ಆ ಆಟದಲ್ಲಿ ನಿಮಗೆ ಐದು ಜೀವ. ಐದೂ ಮುಗಿದರೆ ಒಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು. ಕಾಯಲಾಗದಿದ್ದರೆ ದುಡ್ಡು ಕೊಡಿ. ಇಲ್ಲಿ ನೆಲ ಮುಗಿದಿಲ್ಲ, ಮುಂದಿನ ಹಂತ ಸಿದ್ಧವಾಗಿಯೇ ಇದೆ. ನಾವು ಬೀಳದಿರಲೆಂದು ಇಟ್ಟ ಗೋಡೆಯಲ್ಲ ಇದು, ನಮ್ಮ ತಾಳ್ಮೆಯನ್ನು ತೂಗಿ ನೋಡಿ, ಸರಿಯಾಗಿ ಅದು ಮುಗಿಯುವ ಜಾಗದಲ್ಲಿ ಇಟ್ಟದ್ದು. ಮಾರಿಯೋನ ಗೋಡೆಯ ಹಿಂದೆ ಯಂತ್ರದ ಬಡತನವಿತ್ತು. ಇದರ ಹಿಂದೆ ವ್ಯಾಪಾರವಿದೆ. ಎರಡೂ ಮಕ್ಕಳ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಹೇಳಿಕೊಡಬೇಕಾದವರು ನಾವು. "ಬೇಟಾ, ಇಲ್ಲಿ ನಿನ್ನನ್ನು ನಿಲ್ಲಿಸಿದವರು ಯಾರು? ನಿಲ್ಲಿಸಿದ್ದರಿಂದ ಯಾರಿಗೆ ಲಾಭ?" ಎಂದು ಪಕ್ಕದಲ್ಲಿ ಕುಳಿತು ಒಂದೇ ಒಂದು ಸಲ ಕೇಳಿ ನೋಡಿ. ಮೊಬೈಲು ಕಿತ್ತುಕೊಂಡು ಬೀರುವಿನಲ್ಲಿಡುವುದಕ್ಕಿಂತ ಇದು ಹೆಚ್ಚು ದಿನ ಬಾಳುತ್ತದೆ.

ಸರಕಾರವೂ ಗೋಡೆ ಕಟ್ಟಿತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸಹಿತ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಿತು, 2022ರ ಜುಲೈಯಲ್ಲಿ ಮತ್ತೆ ನಿಂತಿತು, 2023ರ ಮೇಯಲ್ಲಿ ಮತ್ತೆ ಬಂದಿತು. ಆಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ ಎಂಬ ಮಿತಿಯನ್ನೂ ಇಟ್ಟರು. ಸಂತೋಷ. ಆದರೆ ವಯಸ್ಸು ಕೇಳುವ ಜಾಗದಲ್ಲಿ ಅಬ್ಬಾನ ಹುಟ್ಟಿದ ವರ್ಷ ಹಾಕುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಇದೂ ಒಂದು ಸಂದಿ, ಆನೆಗೆ ಸಿಕ್ಕ ಮರದ ಹಾಗೆ. ಮೂರು ಗಂಟೆಯೇ ಹೆಚ್ಚು ಎಂಬುದು ಟೀಚರಾಗಿ ನನ್ನ ಅಭಿಪ್ರಾಯ.

ಈ ಕಾಣದ ಗೋಡೆಯ ಪಾಠವನ್ನು ನಂಜನಗೂಡಿನ ನನ್ನ ಹತ್ತನೇ ತರಗತಿಯಲ್ಲಿ ಬಿಡುವಿನ ಹೊತ್ತಿನಲ್ಲಿ ಹೇಳಿದೆ. ಹುಡುಗರು ತಮ್ಮ ತಮ್ಮ ಆಟಗಳ ಹೆಸರು ಹೇಳುತ್ತಾ ಗದ್ದಲ ಮಾಡಿದರು. ಗಂಟೆ ಹೊಡೆದ ಮೇಲೆ ಓರ್ವ ವಿದ್ಯಾರ್ಥಿನಿ ಹಿಂದೆ ಉಳಿದಳು. ಲೆಕ್ಕದಲ್ಲಿ ಚುರುಕು. ಮೊಬೈಲಿನಲ್ಲಿ ಆಡುವ ಅವಕಾಶ ಅವಳಿಗೆ ಅಷ್ಟಾಗಿ ಇಲ್ಲ, ಮನೆಯ ಮೊಬೈಲು ತಮ್ಮನ ಕೈಯಲ್ಲಿರುತ್ತದೆ. "ಟೀಚರ್, ನಮ್ಮ ಮನೆಯಲ್ಲೂ ಅಂತಹದೇ ಇದೆ" ಎಂದಳು. ಎಸೆಸೆಲ್ಸಿಯ ನಂತರ ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಬೇಕೆಂಬುದು ಅವಳ ಆಸೆ. ಬೇಡವೆಂದು ಯಾರು ಹೇಳಿದರು ಎಂದು ಕೇಳಿದೆ. "ಯಾರೂ ಹೇಳಿಲ್ಲ ಟೀಚರ್. ಆದರೆ ಆಗುವುದಿಲ್ಲ."

ಈ ಮಾತು ನನ್ನನ್ನು ಅವರ ಮನೆಯವರೆಗೆ ಕರೆದುಕೊಂಡು ಹೋಯಿತು. ಚಹಾ ಆಯಿತು, ಬಿಸ್ಕತ್ತು ಆಯಿತು. ತಾಯಿಯನ್ನು ಕೇಳಿದೆ. "ನನಗೇನೂ ಅಡ್ಡಿಯಿಲ್ಲ ಆಪಾ. ಇವರ ಅಬ್ಬಾ ಒಪ್ಪಬೇಕಲ್ಲ?" ಎಂದರು. ಸಂಜೆ ಅಬ್ಬಾ ಬಂದರು. "ನಾನು ಯಾವಾಗ ಬೇಡ ಅಂದೆ? ಅಮ್ಮಾಜಾನ್‌ಗೆ ಇಷ್ಟವಿಲ್ಲವೆಂದುಕೊಂಡಿದ್ದೆ" ಎಂದರು. ಅಜ್ಜಿ ಮೂಲೆಯ ಮಂಚದಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದರು. "ನನ್ನನ್ನು ಯಾರು ಕೇಳಿದರು? ನನ್ನ ತಂಗಿಯ ಮೊಮ್ಮಗಳು ನರಸೀಪುರದಿಂದ ದಿನಾ ಹೋಗಿಬರುತ್ತಾಳೆ" ಎಂದುಬಿಟ್ಟರು. ಮನೆಯಲ್ಲಿ ನಾಲ್ಕು ಮಂದಿ. ನಾಲ್ವರೂ ಗೋಡೆಗೆ ತಾಗಿ ನಿಂತಿದ್ದಾರೆ. ಇಟ್ಟವರು ಮಾತ್ರ ಯಾರೂ ಅಲ್ಲ. ಆಟದಲ್ಲಾದರೆ ಯಾರೋ ಒಬ್ಬ ಸಂಬಳ ಪಡೆದು ಇಟ್ಟಿರುತ್ತಾನೆ.

ಹಾಗೆಂದು ತಾಯಿಯ ಆತಂಕ ಪೊಳ್ಳಲ್ಲ. ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂದವು. ಬಸ್ಸಿನ ಖರ್ಚು ಮೊದಲು ಬಾಯಿಗೆ ಬಂದ ಕಾರಣ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲವಲ್ಲ ಎಂದು ಮಗಳೇ ಮೆಲ್ಲಗೆ ನೆನಪಿಸಿದಳು. ಎರಡನೆಯದು ಬೆಳಗಿನ ಬಸ್ಸಿನ ನೂಕುನುಗ್ಗಲು. ಮೂರನೆಯದು, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವ ಬೀದಿಯಲ್ಲಿ ದೀಪ ಸರಿಯಿಲ್ಲ. ಇದು ನ್ಯಾಯವಾದ ಮಾತು, ನಾನೂ ಆ ಬೀದಿಯಲ್ಲಿ ನಡೆದೇ ಬಂದಿದ್ದೆ. ನಾಲ್ಕನೆಯದನ್ನು ತಾಯಿ ಧ್ವನಿ ತಗ್ಗಿಸಿ ಹೇಳಿದರು: "ಜನ ಏನಾದರೂ ಅಂದರೆ?" ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಅಜ್ಜಿ. ಅದನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ಎಲ್ಲವೂ ಆ ಸಂಜೆಯೇ ಇತ್ಯರ್ಥವಾಗಲಿಲ್ಲ. ಬೀದಿದೀಪದ ಬಗ್ಗೆ ನಗರಸಭೆಗೆ ಅರ್ಜಿ ಬರೆಯುವುದಾಗಿ ಅಬ್ಬಾ ಹೇಳಿದ್ದಾರೆ. ಅದೇ ಬೀದಿಯ ಇನ್ನಿಬ್ಬರು ಹುಡುಗಿಯರ ತಾಯಂದಿರನ್ನು ಇವರ ತಾಯಿ ಮಾತನಾಡಿಸಲಿದ್ದಾರೆ, ಮೂವರೂ ಒಂದೇ ಬಸ್ಸಿಗೆ ಹೋಗಬಹುದಲ್ಲ ಎಂದು. ಬರುವ ಸೋಮವಾರ ಅಬ್ಬಾ ತಾವೇ ಬೆಳಗಿನ ಬಸ್ಸು ಹತ್ತಿ ಕಾಲೇಜಿನ ಗೇಟಿನವರೆಗೆ ಹೋಗಿ, ಸಂಜೆಯ ಬಸ್ಸಿಗೆ ಮರಳಿ, ಎಷ್ಟು ಹೊತ್ತಾಗುತ್ತದೆ ಎಂದು ನೋಡುತ್ತಾರಂತೆ. ಅರ್ಜಿ ಸಲ್ಲಿಸಲು ಇನ್ನೂ ಒಂಬತ್ತು ದಿನ ಇದೆ.